ಬೆಳ್ಳಿ ಕಪ್ಪಾಗುವ ಶಾಸ್ತ್ರ

ಗೊತ್ತಿರುವ ವಿಷಯವನ್ನು ಮನೆಯಲ್ಲಿ ಹೇಳಬಾರದು. ಶಾಲೆಯಲ್ಲಿ ಹೇಳಿದರೆ ಸಂಬಳವಾದರೂ ಕೊಡುತ್ತಾರೆ. ಹೊನ್ನಾವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಮದುವೆಯಾದ ಹೊಸತರಲ್ಲಿ ಈ ವಿವೇಕ ಇರಲಿಲ್ಲ. ನಾವಿದ್ದ ಬಾಡಿಗೆ ಮನೆ ಹಿನ್ನೀರಿಗೆ ತಾಗಿಕೊಂಡಿತ್ತು. ಹಗ್ಗದ ನಾರಿಗೆಂದು ಆ ನೀರಿನಲ್ಲಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕುತ್ತಿದ್ದರು. ಊರೆಲ್ಲ ಕೊಳೆತ ಮೊಟ್ಟೆಯ ವಾಸನೆ. ಬಂದ ನೆಂಟರು ಚಾ ಕುಡಿಯದೇ ಎದ್ದು ಹೋಗುತ್ತಿದ್ದರು; ಅಷ್ಟರಮಟ್ಟಿಗೆ ಸಕ್ಕರೆ ಉಳಿತಾಯ.

ಗೌರಿ ಹಬ್ಬದ ಹಿಂದಿನ ದಿನ ಪೆಟ್ಟಿಗೆ ತೆರೆದರೆ, ಕುಮಟೆಯ ಮಾವ ಮದುವೆಯಲ್ಲಿ ಕೊಟ್ಟ ಬೆಳ್ಳಿ ಲೋಟಗಳು ಬಾಣಲೆಯ ತಳದಂತೆ ಕಪ್ಪಾಗಿದ್ದವು. ನನ್ನ ತಾಯಿ, ನಮ್ಮ ಆಯಿ, ಒಂದನ್ನು ಎತ್ತಿ ನೋಡಿ, "ಎಂತದೇ ತಂಗಿ ಇದು? ನಿನ್ನಪ್ಪ ಹಿತ್ತಾಳೆಗೆ ಬೆಳ್ಳಿ ನೀರು ಬಳಿಸಿ ಕೊಟ್ಟದ್ದಾ?" ಎಂದು ಸೊಸೆಯನ್ನು ಕೇಳಿದಳು. ನನ್ನ ಹೆಂಡತಿ ಶಾರದೆ ಸೀರೆ ಮಡಚಿ ಚೀಲಕ್ಕೆ ತುಂಬತೊಡಗಿದಳು. ಕುಮಟೆಗೆ ಮಧ್ಯಾಹ್ನ ಬಸ್ಸಿತ್ತು.

ಸಂಸಾರ ಉಳಿಸಲು ವಿಜ್ಞಾನವನ್ನೇ ಕರೆದೆ.

"ಆಯಿ, ಸಿಪ್ಪೆ ಕೊಳೆತರೆ ಒಂದು ಗಾಳಿ ಹುಟ್ತದೆ. ಅದರ ಕಣ ಬೆಳ್ಳಿ ಮೈಗೆ ತಾಗಿದ್ದೇ ಬಸ್ಸಲ್ಲಿ ಸೀಟು ಹಿಡಿದವರ ಹಾಗೆ ಕೂತುಬಿಡ್ತದೆ. ಮತ್ತೆ ಏಳೂದಿಲ್ಲ. ಅದರಲ್ಲಿರೋ ಗಂಧಕ ಬೆಳ್ಳಿ ಜೊತೆ ಸೇರಿ ಹೀಗೆ ಕಪ್ಪಾಗ್ತದೆ."

"ಕೂತದ್ದು ಕಣ್ಣಿಗೆ ಕಾಣ್ತದಾ?"

"ಇಲ್ಲ."

"ಮತ್ತೆ ನಿಂಗೆ ಹ್ಯಾಂಗೆ ಗೊತ್ತಾತು?"

ನನ್ನ ತರಗತಿಯಲ್ಲಿ ಈವರೆಗೆ ಯಾರೂ ಕೇಳದ ಪ್ರಶ್ನೆ. ಹುರುಪು ತಡೆಯಲಾಗದೆ ಇನ್ನಷ್ಟು ಮುಂದೆ ಹೋದೆ: "ಈ ಮನೆಯಲ್ಲಿ ಇಟ್ಟೂ ಕಪ್ಪಾಗದಿದ್ರೆ ಅದು ಬೆಳ್ಳಿಯೇ ಅಲ್ಲ, ತಿಳಕೋ. ಕಪ್ಪಾದದ್ದೇ ಮಾವ ಅಪ್ಪಟ ಬೆಳ್ಳಿ ಕೊಟ್ಟದ್ದಕ್ಕೆ ಸಾಕ್ಷಿ."

ಆಯಿ ಲೋಟ ಕೆಳಗಿಟ್ಟಳು. "ಆತು ಮಾರಾಯ, ಬೆಳ್ಳಿಯೇ ಸೈ. ತಂಗಿ, ನಾ ಅಂದದ್ದು ತಪ್ಪಾತು."

ಶಾರದೆ ಸೀರೆಗಳನ್ನು ಚೀಲದಿಂದ ತೆಗೆದು ಮತ್ತೆ ಒಳಗಿಟ್ಟಳು. ನನಗೆ ಹಿಗ್ಗೋ ಹಿಗ್ಗು.

ಆಮೇಲೆ ಅವಳು ಅದೇ ಪೆಟ್ಟಿಗೆಯ ತಳದಿಂದ ಕುಂಕುಮದ ಭರಣಿ ತೆಗೆದು ಲೋಟಗಳ ಪಕ್ಕ ಇಟ್ಟಳು. ಅದು ಮದುವೆಯಲ್ಲಿ ನಮ್ಮ ಕಡೆಯಿಂದ ಅವಳಿಗೆ ಕೊಟ್ಟ ಬೆಳ್ಳಿ. ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆಂದು ಭಟ್ಕಳದ ಪೇಟೆಯಲ್ಲಿ ನಾನೇ ಆರಿಸಿ, ಶರಾವತಿಯನ್ನು ದೋಣಿಯಲ್ಲಿ ದಾಟುವಾಗ ಎದೆಗವಚಿಕೊಂಡು ತಂದದ್ದು. ಈಗಲೂ ಹಾಗೇ ಫಳಫಳ ಹೊಳೆಯುತ್ತಿತ್ತು.

"ಇದು ಯಾವ ಲೋಹ, ಒಂಚೂರು ಹೇಳಿ," ಎಂದಳು ಶಾರದೆ.

ಆಯಿ ನನ್ನ ಮುಖ ನೋಡಿದಳು. ವಿಜ್ಞಾನದಲ್ಲಿ ಅಪವಾದಗಳೂ ಇರುತ್ತವೆ ಎಂದೆ. ಇಬ್ಬರೂ ಒಪ್ಪಲಿಲ್ಲ. ನನ್ನ ಪಾಠವನ್ನು ಅಷ್ಟು ಚೆನ್ನಾಗಿ ಕಲಿತ ವಿದ್ಯಾರ್ಥಿಗಳು ನನಗೆ ಮತ್ತೆ ಸಿಗಲಿಲ್ಲ.