ದೊಡ್ಡಮ್ಮನ ಚಿನ್ನದ ರೇಕಿನ ದೇವಿ

ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪು ಸ್ವಲ್ಪ ಬಣ್ಣ ಹಚ್ಚುವ ಜಾತಿಯದು, ಡೈರಿಯಲ್ಲೂ ಆ ದಿನಗಳು ಅರ್ಧಂಬರ್ಧ. ಆದರೆ ಒಂದನ್ನು ಆಣೆ ಮಾಡಿ ಹೇಳಬಲ್ಲೆ: ಒಮಾನಿನ ಸೊಹಾರ್‌ನಲ್ಲಿ ಕೂತು ದೇವಿಗೇ ಕೆಲಸ ಹಚ್ಚಿದ ಹೆಂಗಸು ಎಂದರೆ ನನ್ನ ದೊಡ್ಡಮ್ಮ ಒಬ್ಬರೇ!

ಎಣ್ಣೆಯ ಬೆಲೆ ಬಿದ್ದ ವರ್ಷಗಳವು. ದೊಡ್ಡಪ್ಪ ಬಂದರಿನ ಬಳಿಯ ಕಂಪನಿಯೊಂದರಲ್ಲಿ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಒಬ್ಬೊಬ್ಬರದಾಗಿ ಕೆಲಸ ಹೋಗುತ್ತಿತ್ತು. ಮುಂದಿನ ಸರದಿ ಅವರದೇ ಎಂಬ ಗುಸುಗುಸು. ಕಲಾ ಇತಿಹಾಸದಲ್ಲಿ ಎಂ.ಎ. ಮುಗಿಸಿ ಅಲ್ಲಿಗೆ ರಜೆಗೆ ಹೋಗಿದ್ದ ನಾನು, ಯುರೋಪಿನ ಮಧ್ಯಯುಗದ ಪ್ರಾರ್ಥನಾ ಪುಸ್ತಕಗಳ ಚಿತ್ರಗಳನ್ನು ದೊಡ್ಡಮ್ಮನಿಗೆ ತೋರಿಸಿಬಿಟ್ಟೆ. ಕೈಬರಹ, ಚಿನ್ನದ ಅಕ್ಷರ, ಹೊತ್ತುಹೊತ್ತಿಗೆ ತೆರೆದು ಓದುವ ಪ್ರಾರ್ಥನೆ!

"ಇಷ್ಟೇಯಾ? ನಾನೂ ಬರೆಯುತ್ತೇನೆ. ಇವರ ಕೆಲಸ ಹೇಗೆ ಹೋಗ್ತದೆ ನೋಡುವ!"

"ಅವರು ಕರುವಿನ ಚರ್ಮದ ಮೇಲೆ ಬರೆಯುತ್ತಿದ್ದರು, ದೊಡ್ಡಮ್ಮ."

"ಶಿವ ಶಿವಾ! ಕಾಗದಕ್ಕೆ ಎಂತ ಬರಗಾಲ?"

ಬರವೆಲ್ಲಿ? ರದ್ದಾದ ಯೋಜನೆಗಳ ನಕ್ಷೆಗಳನ್ನು ಕಂಪನಿ ರಾಶಿರಾಶಿ ಎಸೆಯುತ್ತಿತ್ತು. ಅವುಗಳ ಬೆನ್ನ ಮೇಲೆ ದೇವಿ ಮೂಡಿದಳು. ಬೆಳಕಿಗೆ ಹಿಡಿದರೆ ಅವಳ ಕಿರೀಟದಿಂದ ಹೊರಟ ಪೈಪ್‌ಲೈನ್ ಸಿಂಹದ ಬಾಲದಲ್ಲಿ ವಾಲ್ವ್ ಆಗಿ ನಿಲ್ಲುತ್ತಿತ್ತು!

ಚಿನ್ನದ ರೇಕು ಅಂಟಿಸಲು ಆ ಕಾಲದವರು ಮೊಟ್ಟೆಯ ಬಿಳಿ ಬಳಸುತ್ತಿದ್ದರು ಎಂದೆ. ಹೆಸರು ಕೇಳಿದ್ದಕ್ಕೇ ದೊಡ್ಡಮ್ಮ ಕೈ ತೊಳೆದುಕೊಂಡರು! ಬದಲಿಗೆ ಸೂಕ್ ಎಂಬ ಅಲ್ಲಿನ ಪೇಟೆಯಿಂದ ಲುಬಾನ್, ಅಂದರೆ ಅಲ್ಲಿನ ಧೂಪದ ಅಂಟು, ತಂದು ನೆನೆಸಿ ಹಚ್ಚಿದರು. ಮನೆಯೆಲ್ಲ ಘಮಘಮ. ಮರುದಿನ ಪುಸ್ತಕ ಬಿಡಿಸಿದರೆ ಎದುರುಬದುರು ಪುಟಗಳ ದೇವಿಯೂ ಮಹಿಷಾಸುರನೂ ಕೆನ್ನೆಗೆ ಕೆನ್ನೆ ಅಂಟಿಕೊಂಡಿದ್ದಾರೆ!

"ಯುದ್ಧ ಖಲಾಸ್, ರಾಜಿ ಆಯ್ತು," ದೊಡ್ಡಪ್ಪ ನಕ್ಕರು.

"ನಿಮ್ಮ ಮ್ಯಾನೇಜರಿಗಿಂತ ಬೇಗ ಬುದ್ಧಿ ಬಂತು ಅವನಿಗೆ. ಸುಮ್ಮನಿರಿ ನೀವು!"

ಪುಸ್ತಕ ಮುಗಿದ ವಾರವೇ ದೊಡ್ಡಪ್ಪನನ್ನು ಆಫೀಸಿನೊಳಗೆ ಕರೆದರು. ಮಧ್ಯಾಹ್ನಕ್ಕೇ ಕಂಪನಿಯ ಬಸ್ಸಿಳಿದು ಬಂದು, ಶೂ ಬಿಚ್ಚುತ್ತಾ, "ಕೆಲಸ ಹೋಯ್ತು ಮಾರಾಯ್ತಿ," ಎಂದರು.

"ಬನ್ನಿ, ಸಾರು ಬಿಸಿ ಉಂಟು," ಎಂದರು ದೊಡ್ಡಮ್ಮ.

ಇನ್ನು ದೇವಿ ಕಪಾಟು ಸೇರಿದಳು ಎಂದುಕೊಂಡೆ. ಇಲ್ಲ! ಮರುಬೆಳಿಗ್ಗೆ ಎಂದಿನ ಪ್ರಾರ್ಥನೆಯ ಹೊತ್ತಿಗೆ ಪುಸ್ತಕ ತೆರೆಯಿತು. ನಾನು ಹಿಂದೆ ನಿಂತು, ಅವರು ಎಲ್ಲಕ್ಕಿಂತ ಮೊದಲು ಬರೆದು ಯಾರಿಗೂ ತೋರಿಸದಿದ್ದ ಪುಟವನ್ನು ಇಣುಕಿದೆ. ಆ ಹಳೆಯ ಪುಸ್ತಕಗಳಲ್ಲಿ ದುಡ್ಡು ಕೊಟ್ಟು ಬರೆಸಿದವರು ತಾವೇ ಚಿತ್ರದೊಳಗೆ ದೇವರ ಪಕ್ಕ ಮಂಡಿಯೂರಿರುತ್ತಾರೆ. ಇಲ್ಲಿ ಮಂಡಿಯೂರಿದ್ದವರು ಹೆಲ್ಮೆಟ್ ತೊಟ್ಟ ದೊಡ್ಡಪ್ಪ. ದೇವಿಯ ಪಾದದ ಚಿನ್ನ ಹೊಳೆಯುತ್ತಲೇ ಇತ್ತು. ದಿನವೂ ಕುಂಕುಮದ ಬೆರಳಲ್ಲಿ ಮುಟ್ಟಿ ಮುಟ್ಟಿ ದೊಡ್ಡಪ್ಪನ ಮುಖ ಮಾತ್ರ ಅಳಿಸಿಹೋಗಿತ್ತು. ದೊಡ್ಡಮ್ಮ ಮತ್ತೆ ಅಲ್ಲೇ ಬೆರಳಿಟ್ಟು ಕಣ್ಣು ಮುಚ್ಚಿದರು.

ಇದನ್ನೆಲ್ಲ ಕಂಡೂ ತಿಳಿಯದೆ ನಾನು ಕೇಳಿಬಿಟ್ಟೆ:

"ದೊಡ್ಡಮ್ಮ, ಕೆಲಸ ಹೋಗಿಯಾಯಿತಲ್ಲ, ಈಗ ದೇವಿಯ ಹತ್ತಿರ ಎಂತ ಕೇಳುತ್ತಿದ್ದೀರಿ?"