ಕಾಗೆ ಮುಟ್ಟಿದ ಕ್ಯಾಪ್ಟನ್

ಮೈಸೂರಿನಲ್ಲಿ ಒಬ್ಬಳು ಕಡಲ್ಗಳ್ಳಿ ಇದ್ದಳು ಎಂದರೆ ನೀವು ನಗುತ್ತೀರಿ. ನಗಿ, ನನಗೇನು! ಮಹಾರಾಜರು ಇನ್ನೂ ರಾಜಪ್ರಮುಖರಾಗಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಆದರೂ ನಮ್ಮ ದೊಡ್ಡಪ್ಪನ ಮಗಳು, ನನಗಿಂತ ಐದು ವರ್ಷಕ್ಕೆ ದೊಡ್ಡವಳು, ಹದಿಮೂರು ತುಂಬುವುದರೊಳಗೆ ಏಳು ಸಮುದ್ರ ದಾಟಿ, ನಾಲ್ಕು ಹಡಗು ಮುಳುಗಿಸಿ, ದೀಪ ಹಚ್ಚುವ ಹೊತ್ತಿಗೆ ಕೈಕಾಲು ತೊಳೆದುಕೊಂಡು ದೇವರ ಮುಂದೆ ಕೂತಿರುತ್ತಿದ್ದಳು.

ಇದಕ್ಕೆಲ್ಲ ಮೂಲ ಅವಳ ಶಾಲೆಯ ಮೇಷ್ಟ್ರು ಓದಲು ಕೊಡುತ್ತಿದ್ದ ಪುಸ್ತಕಗಳು. ಹಡಗಿನ ಕಥೆ, ನಿಧಿಯ ಕಥೆ, ದ್ವೀಪದ ಕಥೆ. ಓದಿ ಸುಮ್ಮನಿರುವ ಪೈಕಿಯೇ ಅವಳು? ಬೆಳಿಗ್ಗೆ ಓದಿದ್ದು ಮಧ್ಯಾಹ್ನ ನಡೆಯಲೇಬೇಕು! ಹಜಾರದ ತೂಗುಮಣೆಯೇ ಹಡಗು. ಕಿಟಕಿಯಲ್ಲಿ ಕಾಣುವ ಚಾಮುಂಡಿ ಬೆಟ್ಟ ನಿಧಿಯಿರುವ ದ್ವೀಪ. ಅವಳು ಕ್ಯಾಪ್ಟನ್, ನಾನು ನಾವಿಕ. ಇದ್ದದ್ದೇ ಒಬ್ಬ ನಾವಿಕ, ಹಾಗಾಗಿ ದಂಗೆ ಏಳುವವಳೂ ನಾನೇ, ದಂಗೆ ಎದ್ದದ್ದಕ್ಕೆ ಒದೆ ತಿನ್ನುವವಳೂ ನಾನೇ. ಒಂದು ಮಧ್ಯಾಹ್ನ ಬಿರುಗಾಳಿ ಎಬ್ಬಿಸಬೇಕೆಂದು ತೂಗುಮಣೆಯನ್ನು ಶಕ್ತಿಯೆಲ್ಲ ಹಾಕಿ ಜೀಕಿದಳು. ಅದರ ಮೇಲೆ ಅಜ್ಜಿ ಊಟ ಮುಗಿಸಿ ಮಲಗಿದ್ದರು ಎಂಬುದು ಕ್ಯಾಪ್ಟನ್ ಲೆಕ್ಕಕ್ಕೆ ಬರಲೇ ಇಲ್ಲ!

"ಅಯ್ಯಯ್ಯೋ, ನನ್ನ ಕೊಂದ್ಬುಟ್ರಲ್ಲೇ!"

"ಅಜ್ಜಿ, ಸರಪಳಿ ಹಿಡ್ಕೊಳ್ಳಿ! ಹಡಗು ಒಡೀತಾ ಇದೆ!"

ಅಜ್ಜಿ ಬಿದ್ದದ್ದು ಸಮುದ್ರಕ್ಕಲ್ಲ, ಕೆಂಪು ಗಾರೆಯ ನೆಲಕ್ಕೆ. ಅವರ ಸೊಂಟಕ್ಕೆ ವಾರವಿಡೀ ಎಣ್ಣೆ ತಿಕ್ಕಿದ್ದು ನಾವಿಕಳಾದ ನಾನು. ಮನೆಯ ಯಜಮಾನರಾದ ದೊಡ್ಡಪ್ಪ, "ಇನ್ನೊಂದು ದೂರು ಬರ್ಲಿ, ಸ್ಕೂಲು ಬಿಡಿಸ್ಬುಡ್ತೀನಿ" ಅಂದರು. ಅವರು ನೆಪ ಹುಡುಕುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಶಾಲೆ ಹೋದರೆ ಮೇಷ್ಟ್ರು ಹೋದರು, ಮೇಷ್ಟ್ರು ಹೋದರೆ ಪುಸ್ತಕ ಹೋಯಿತು. ಅಕ್ಕ ಜಗತ್ತಿನಲ್ಲಿ ಹೆದರುತ್ತಿದ್ದುದು ಇದೊಂದಕ್ಕೇ.

ಅಷ್ಟರಲ್ಲಿ ಕಾಗೆ ಬಂತು.

ಒಂದು ದಿನ ನಾನು ಆಟ ಮುಗಿಸಿ ಬಂದರೆ ಅವಳು ಹಿತ್ತಲ ಕಡೆಯ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ.

"ಹತ್ರ ಹೋಗ್ಬೇಡ ಕಣೇ," ಅಂದರು ಅಜ್ಜಿ. "ಅವಳನ್ನ ಕಾಗೆ ಮುಟ್ಬುಟ್ಟಿದೆ."

ಹೆಂಗಸರ ಮುಟ್ಟಿಗೆ ಮಕ್ಕಳ ಮುಂದೆ ಬಳಸುವ ಮಾತು ಅದು ಎಂದು ಎಂಟು ವರ್ಷದವಳಿಗೆ ಯಾರಾದರೂ ಹೇಳಿದರೆ ತಾನೇ! ನಮ್ಮ ಕ್ಯಾಪ್ಟನ್ನಿನ ತಂಟೆಗೆ ಬಂದ ಕಾಗೆಯನ್ನು ಸುಮ್ಮನೆ ಬಿಡುವುದುಂಟೆ? ಹಿತ್ತಲಿಗೆ ಓಡಿ ಕಲ್ಲು ಬೀರಲು ಶುರುಮಾಡಿದೆ. ಕಾಗೆಗೆ ಒಂದೂ ತಾಗಲಿಲ್ಲ, ಪಕ್ಕದ ಮನೆಯ ಹೆಂಚಿಗೆ ಮೂರು ತಾಗಿದವು. ಆ ಮನೆಯ ರಾಯರು ಗೋಡೆಯಾಚೆಯಿಂದ ಇಣುಕಿದರು.

"ಏನಮ್ಮಾ ಇದು, ಯಾಕ್ ಕಲ್ಲು ಹೊಡೀತಿದ್ದೀಯ?"

"ನಮ್ಮಕ್ಕನ್ನ ಕಾಗೆ ಮುಟ್ಟಿದೆ ಕಣ್ರೀ! ಯಾವ ಕಾಗೆ ಅಂತ ಗೊತ್ತಿಲ್ಲ, ಅದಕ್ಕೇ ಎಲ್ಲದಕ್ಕೂ ಹೊಡೀತಿದ್ದೀನಿ!"

ಬೀದಿಗೆಲ್ಲ ಸುದ್ದಿ ಮುಟ್ಟಿಸಿದ ಪುಣ್ಯ ಹೀಗೆ ನನ್ನದಾಯಿತು. ಸಂಜೆ ಹೆಂಗಸರು ಬಂದು ಅಕ್ಕನಿಗೆ ಆರತಿ ಎತ್ತಿದರು, ಹಾಡು ಹೇಳಿದರು, ಎಳ್ಳುಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಉಂಡೆ ಹಂಚಿದರು. ನಾನು ಪಟ್ಟಾಭಿಷೇಕ ಎಂದುಕೊಂಡೆ. ಪಟ್ಟವೇರಿದವಳ ಮುಖ ಮಾತ್ರ ಬೇವಿನ ಕಷಾಯ ಕುಡಿದ ಹಾಗಿತ್ತು.

ಮರುದಿನ ಅವಳು ಪಿಸುಗುಟ್ಟಿದಳು, "ಲೇ, ನನ್ನ ಪುಸ್ತಕ ತಂದ್ಕೊಡೇ. ಇನ್ನು ಹತ್ತೇ ಪುಟ ಇದೆ." ಆ ಮೂರು ದಿನ ಪುಸ್ತಕ ಮುಟ್ಟಿದರೆ ಸರಸ್ವತಿಗೆ ಮೈಲಿಗೆ. ಯಾರೂ ಇಲ್ಲದಾಗ ಅದನ್ನು ಪೊರಕೆಯಿಂದ ಅವಳ ಚಾಪೆಯವರೆಗೆ ತಳ್ಳಿದೆ. ಅಲ್ಲಿಯವರೆಗೆ ನಾನು ಒಳ್ಳೆಯ ನಾವಿಕಳೇ. ಆಮೇಲೆ ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು, "ಅವಳು ಮೂಲೇಲಿ ಕೂತು ಏನ್ ಮಾಡ್ತಾಳೆ? ಹೇಳಿದ್ರೆ ಇನ್ನೊಂದು ಚಿಗಳಿ ಕೊಡ್ತೀನಿ" ಅಂದರು. ಹೇಳಿಬಿಟ್ಟೆ! ಯಾವ ಕಡಲ್ಗಳ್ಳನೂ ತನ್ನ ಕ್ಯಾಪ್ಟನ್ನನ್ನು ಇಷ್ಟು ಅಗ್ಗಕ್ಕೆ ಮಾರಿರಲಾರ. ಇವತ್ತಿಗೂ ಚಿಗಳಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮೈಲಿಗೆಯಾದ ಬಟ್ಟೆಯನ್ನು ನೆನೆಸಿ ಒಣಹಾಕುತ್ತಾರಷ್ಟೆ? ಅಜ್ಜಿ ಪುಸ್ತಕಕ್ಕೂ ಅದನ್ನೇ ಮಾಡಿದರು! ಕೋಲಿನಿಂದ ಎತ್ತಿ ಬಕೆಟ್ಟಿನಲ್ಲಿ ಮೂರು ಸಲ ಅದ್ದಿ, ಹಿತ್ತಲ ತಂತಿಯ ಮೇಲೆ ನೇತುಹಾಕಿದರು. ಸಮುದ್ರದ ಕಥೆ ಅಂತೂ ನೀರು ಕಂಡಿತು. ಪುಟಗಳು ಹಪ್ಪಳದಂತೆ ಸೆಟೆದುಕೊಂಡವು, ಕೊನೆಯ ಹತ್ತು ಅಂಟಿಕೊಂಡು ಒಂದೇ ರಟ್ಟಾದವು. ದೊಡ್ಡಪ್ಪ ಅದನ್ನು ಮೇಷ್ಟ್ರ ಕೈಗಿಟ್ಟು, ಅಲ್ಲೇ ನಿಂತು, "ಇನ್ಮೇಲೆ ಹುಡುಗಿ ಸ್ಕೂಲಿಗೆ ಬರೋದಿಲ್ಲ" ಎಂದು ಹೇಳಿ ಬಂದರು.

ಮುಂದಿನ ವರ್ಷ ಮದುವೆ. ಗಂಡಿನ ಕಡೆಯವರು "ಹುಡುಗಿಗೆ ಏನೇನ್ ಬರುತ್ತೆ?" ಅಂದರು. "ಅಡುಗೆ, ರಂಗೋಲಿ, ದೇವರನಾಮ," ಅಂದರು ದೊಡ್ಡಪ್ಪ. ಮೂರೂ ಸುಳ್ಳು! ನಕ್ಷತ್ರ ನೋಡಿ ದಿಕ್ಕು ಹೇಳುತ್ತಾಳೆ ಎಂದಿದ್ದರೆ ನಿಜವನ್ನೂ ಹೇಳಿದಂತಾಗುತ್ತಿತ್ತು, ಮದುವೆಯೂ ತಪ್ಪುತ್ತಿತ್ತು. ಮಂಡ್ಯದ ಕಡೆಯ ಯಾವುದೋ ಅಡುಗೆಮನೆ ಅವಳನ್ನು ನುಂಗಿತು. ನಮ್ಮ ಹಿರಿಯರ ಮೇಲೆ ನನಗೆ ಈಗಲೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಐದು ವರ್ಷದ ಮೇಲೆ ಕಾಗೆ ನನ್ನನ್ನೂ ಮುಟ್ಟಿತು. ಅದೇ ಮೂಲೆಯಲ್ಲಿ ನನ್ನನ್ನೂ ಕೂರಿಸಿದರು. ಹಜಾರದಲ್ಲಿ ದೊಡ್ಡಪ್ಪ ನನ್ನ ಶಾಲೆ ಬಿಡಿಸುವ ಮಾತೆತ್ತಿದ್ದು, ನಮ್ಮಪ್ಪ ತಲೆಯಾಡಿಸಿದ್ದು ಎಲ್ಲ ಕೇಳಿಸುತ್ತಿತ್ತು. ಅಕ್ಕ ಮಗು ಎತ್ತಿಕೊಂಡು ತವರಿಗೆ ಬಂದಿದ್ದಳು. "ಮುಟ್ಬೇಡ್ವೇ!" ಎಂದು ಅಜ್ಜಿ ಕೂಗುತ್ತಿದ್ದಂತೆಯೇ ನೇರ ಬಂದು ನನ್ನ ಚಾಪೆಯ ಮೇಲೆ ಕೂತು, ನನ್ನನ್ನು ತಬ್ಬಿಕೊಂಡಳು.

"ಈಗ ನಾನೂ ಮೈಲಿಗೆ, ಮಗೂನೂ ಮೈಲಿಗೆ," ಎಂದು ಹಜಾರಕ್ಕೆ ಕೇಳುವ ಹಾಗೆ ಕೂಗಿದಳು. "ಅಪ್ಪಾ, ಇವಳ ಸ್ಕೂಲು ಬಿಡಿಸೋಲ್ಲ ಅಂತ ಹೇಳಿ. ಇಲ್ದಿದ್ರೆ ಹಿಂಗೇ ದೇವರ ಮನೆಗೆ ನುಗ್ತೀನಿ!"

ದೊಡ್ಡಪ್ಪ ಹೂಂ ಅಂದರು. ಅವಳು ನುಗ್ಗುವವಳೇ ಎಂದು ಅವರಿಗೆ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಅಕ್ಕಾ, ಅವತ್ತು ಪುಸ್ತಕದ ವಿಷಯ ಅಜ್ಜಿಗೆ ಹೇಳಿದ್ದು ನಾನೇ ಕಣೇ."

"ಗೊತ್ತು ಕಣೇ," ಅಂದಳು. "ಸ್ವಲ್ಪ ಜರುಗು, ಮಗೂನ ಮಲಗಿಸ್ಬೇಕು."