ತೂಗುದೀಪಕ್ಕೆ ಬಲ್ಬು ತಂದದ್ದು

ಮನೆಗೆ ಬಲ್ಬು ಆರಿಸಿ ತರುವುದು ಒಂದು ಕೆಲಸವೇ ಅಲ್ಲ ಎಂದು ತಿಳಿದಿದ್ದವನು ನಾನು. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ವ್ಯಾಟ್ ಎಂದರೆ ಒಂದು ಸಂಖ್ಯೆ, ಅಷ್ಟೇ. ಸಂಖ್ಯೆಗಳು ಅಲ್ಲಿಯವರೆಗೆ ನನಗೆ ಎದುರು ಮಾತಾಡಿದ್ದಿಲ್ಲ. ಆದ್ದರಿಂದ ಅಡುಗೆಮನೆಯ ಗೋಡೆ ಒಡೆಸಿ, ಊಟದ ಮೇಜು ತರಿಸಿ, ಅದರ ಮೇಲೆ ಮೂರು ತೂಗುದೀಪಗಳನ್ನು ಇಳಿಬಿಡಿಸಿದಾಗ, ಬಲ್ಬಿನ ಸಂಪೂರ್ಣ ಜವಾಬ್ದಾರಿಯನ್ನು ಯಾರೂ ಕೇಳದಿದ್ದರೂ ನಾನೇ ವಹಿಸಿಕೊಂಡೆ.

ನನ್ನ ಹೆಂಡತಿ ನೀಲಾ ಒಂದೇ ಮಾತು ಹೇಳಿದ್ದಳು.

"ಚಂದ ಇರ್ಲಿ ಬಿಡ್ರಿ. ಆದ್ರ ಬೆಳಕ ಭಾಳ ಇರ್ಬೇಕು. ಸಂಜಿಮುಂದ ನಾ ಕೌದಿ ಹೊಲೀಬೇಕು."

ಕುಂದಗೋಳಕ್ಕೆ ಕೊಟ್ಟ ನಮ್ಮ ಮಗಳಿಗೆ ಆಗ ದಿನ ತುಂಬುತ್ತಿತ್ತು. ಹುಟ್ಟುವ ಕೂಸಿಗೆಂದು ನೀಲಾ ತನ್ನ ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು.

ಹುಬ್ಬಳ್ಳಿಯ ಅಂಗಡಿಗೆ ಹೋದೆ. ಅಲ್ಲಿ ಛಾವಣಿಯ ತುಂಬ ಬಲ್ಬು ಜೋತಾಡುತ್ತಿದ್ದವು. ಗಾಜಿನೊಳಗೆ ಬಂಗಾರದ ತಂತಿ ಸುರುಳಿ ಸುತ್ತಿಕೊಂಡಿದ್ದ ಬಲ್ಬುಗಳ ಮುಂದೆ ನನ್ನ ಕಾಲು ನಿಂತುಬಿಟ್ಟವು.

"ಅವು ಚಂದಕ್ಕ ಸರ. ಬೆಳಕಿಗಲ್ಲ," ಅಂದ ಅಂಗಡಿಯವ.

ಅವನ ಮಾತಿನ ಮೊದಲರ್ಧ ಮಾತ್ರ ನನಗೆ ಕೇಳಿಸಿತು.

ಆ ಸಂಜೆ ದೀಪೋದ್ಘಾಟನೆ ಆಯಿತು. ಬಂಗಾರದ ಬೆಳಕಿನಲ್ಲಿ ಅನ್ನ, ಸಾರು, ಪಲ್ಯ ಎಲ್ಲವೂ ಒಂದೇ ಜಾತಿಯವಾಗಿ ಕಂಡವು. ಪಲ್ಯವೆಂದು ತಿಳಿದು ಉಪ್ಪಿನಕಾಯಿಯನ್ನು ಬಾಯಿ ತುಂಬ ಹಾಕಿಕೊಂಡೆ. ಆದರೂ ಕಣ್ಣೀರು ಒರೆಸಿಕೊಳ್ಳುತ್ತ, "ಹೆಂಗ ಐತಿ?" ಎಂದು ಕೇಳಿದೆ.

"ಬೆಳಕ ಸಾಲವಲ್ದ್ರಿ," ಅಂದಳು ನೀಲಾ.

ಮತ್ತೆ ಹುಬ್ಬಳ್ಳಿ ಬಸ್ಸು ಹತ್ತಿದೆ.

"ವಾರ್ಮ್ ಕೊಡ್ಲ್ಯೋ, ಕೂಲ್ ಕೊಡ್ಲ್ಯೋ ಸರ?"

"ಈ ಬಿಸಲಾಗ ವಾರ್ಮ್ ತಗೊಂಡು ಏನ ಮಾಡೂದಪಾ? ಕೂಲ್ ಕೊಡು. ಮನಿ ತಂಪರೆ ಇರ್ತೈತಿ."

ಅವನು ನನ್ನ ಮುಖವನ್ನು ಒಮ್ಮೆ ನೋಡಿ, ಬಲ್ಬುಗಳನ್ನು ಚೀಲಕ್ಕೆ ಹಾಕಿದ. ಮನೆಗೆ ಬಂದು ನೋಡಿದರೆ ಬಲ್ಬಿನ ಕುತ್ತಿಗೆ ಸಣ್ಣದು, ನಮ್ಮ ಹೋಲ್ಡರಿನ ಬಾಯಿ ದೊಡ್ಡದು. ಎಷ್ಟು ತಿರುವಿದರೂ ಬಲ್ಬು ಕೈಗೇ ಬರುತ್ತಿತ್ತು. ಮರುದಿನ ಮತ್ತೆ ಹೋಗಿ ಬದಲಿಸಿ ತಂದೆ. ಕಂಡಕ್ಟರನು ಊರು ಕೇಳದೆ ಟಿಕೀಟು ಹರಿದುಕೊಟ್ಟ.

ಈ ಸಲ ಬಲ್ಬು ಕೂತವು, ಹತ್ತಿದವು. ಕೂಲ್ ಎಂದರೆ ತಂಪಲ್ಲ, ಬಿಳಿ ಬೆಳಕು ಎಂದು ಆಗ ತಿಳಿಯಿತು. ಬೆಳಕು ಎಷ್ಟು ಬಿಳಿಯಾಗಿತ್ತೆಂದರೆ, ಬಾಜು ಮನೆಯ ಮಾಬೂಬಿ ಹೊಸ್ತಿಲಲ್ಲೇ ನಿಂತು, "ಯಾರಿಗರೆ ಸಲಾಯಿನ್ ಹಚ್ಚೀರೇನ್ರಿ ಮಾಸ್ತರ?" ಎಂದು ಗಾಬರಿಯಿಂದ ಕೇಳಿದಳು. ಆಕೆ ದಿನಾ ಸಂಜೆ ಕೌದಿ ಹೊಲಿಯಲು ನೀಲಾಳ ಜೊತೆಗೆ ಕೂಡುವವಳು.

ನೀಲಾ ಸೂಜಿಯನ್ನು ಕಣ್ಣಿನ ಹತ್ತಿರ ಹಿಡಿದು, ದಾರವನ್ನು ಬಾಯಲ್ಲಿ ಹಸಿ ಮಾಡಿ, ಬಹಳ ಹೊತ್ತು ಪೋಣಿಸಲು ನೋಡಿದಳು. ಕೊನೆಗೆ ಎರಡನ್ನೂ ಮಾಬೂಬಿಯ ಕೈಗೆ ಕೊಟ್ಟಳು.

"ಇನ್ನಷ್ಟ ಇರ್ಬೇಕಿತ್ರಿ ಬೆಳಕ."

ಆಗ ನನಗೆ ಸಿಟ್ಟು ಬಂತು. ಸ್ವಾಭಾವಿಕವೇ. ನಾನು ಆರಿಸಿದ್ದು ಎಂಬ ಒಂದೇ ಕಾರಣಕ್ಕೆ ಇವಳು ಬೇಕೆಂದೇ ಕೊಂಕು ತೆಗೆಯುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಅದಕ್ಕೆ ಪುರಾವೆಗಳೂ ಸಿಕ್ಕವು. ಬಾಜುವಿಗಿಟ್ಟ ನೀರಿನ ತಂಬಿಗೆಯನ್ನು ಮೊಣಕೈ ತಾಗಿಸಿ ಕೆಡವುತ್ತಿದ್ದಳು. ನನ್ನ ಚಹಾಕ್ಕೆ ಉಪ್ಪು ಬಿತ್ತು. "ನನ್ನ ದೀಪದ ಮ್ಯಾಲಿನ ಸಿಟ್ಟು ಚಹಾದಾಗ ಯಾಕ ಹಾಕ್ತೀ?" ಎಂದು ಕೇಳಿದೆ. ಅವಳು ಬೇರೆ ಚಹಾ ಇಟ್ಟಳು.

ಇನ್ನು ಮಾತಿಲ್ಲ, ಲೆಕ್ಕದಲ್ಲೇ ಉತ್ತರ ಕೊಡಬೇಕು ಎಂದುಕೊಂಡು, ಕಾಳಿನ ಗೋದಾಮಿನಲ್ಲಿ ಹಾಕುವಂಥ ದಪ್ಪ ಬಲ್ಬುಗಳನ್ನು ತಂದೆ. ತೂಗುದೀಪದ ಚಂದದ ಟೊಪ್ಪಿಗೆಗಳಿಂದ ಅವು ಕುಂಬಳಕಾಯಿಯ ಹಾಗೆ ಹೊರಗೆ ಜೋತುಬಿದ್ದವು. ಗುಂಡಿ ಒತ್ತಿದೆ. ಬೆಳಕು ಕಿಟಕಿಯಿಂದ ಹಾರಿ ಎದುರು ಮನೆಯ ಗೋಡೆಗೆ ಬಡಿಯಿತು. ರಸ್ತೆಯಲ್ಲಿ ಹೊರಟಿದ್ದ ಯಾರೋ ನಿಂತು, "ಏನ ಕಾರ್ಯೆ ಐತ್ರಿ ಮನ್ಯಾಗ?" ಎಂದು ಕೇಳಿ ಹೋದರು. ನನಗೇ ತಡೆಯಲಾಗದೆ, ನನ್ನ ಕಣ್ಣಿನ ಪೊರೆ ತೆಗೆಸಿದಾಗ ಆಸ್ಪತ್ರೆಯವರು ಕೊಟ್ಟಿದ್ದ ಕರಿ ಕನ್ನಡಕ ಹುಡುಕಿ ಹಾಕಿಕೊಂಡೆ. ಕರಿ ಕನ್ನಡಕದಲ್ಲಿ ರೊಟ್ಟಿ ಮುರಿಯುತ್ತಿದ್ದ ನನ್ನನ್ನು ನೋಡಿ ಮಾಬೂಬಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನು ವಿಜಯದ ದನಿಯಲ್ಲಿ ಕೇಳಿದೆ. "ಈಗರೆ ಸಾಕಾತೇನವಾ?"

ನೀಲಾ ಮೇಲೆ ನೋಡಿದಳು. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು.

"ಎಲ್ಲಾ ಹಚ್ಚೀರೇನ್ರಿ? ಬಾಜುದ್ದು ಹತ್ತಿಲ್ಲ ಅನಸ್ತದ."

ಮಾಬೂಬಿಯ ನಗು ನಿಂತಿತು. ನಾನು ಕನ್ನಡಕ ತೆಗೆದೆ. ಮೂರೂ ಬಲ್ಬು ಧಗಧಗ ಉರಿಯುತ್ತಿದ್ದವು.

"ನೀಲಕ್ಕಾ," ಅಂದಳು ಮಾಬೂಬಿ ಮೆಲ್ಲಗೆ, "ಹಗಲಿನ್ಯಾಗ ಹೆಂಗ ಕಾಣಸ್ತದ ನಿನಗ?"

"ಹಗಲೂ ಹಿಂಗ ಐತಿ. ಮೋಡ ಆಗೇತಿ ಅಂತ ತಿಳಕೊಂಡಿದ್ದೆ."

ಬೇಸಿಗೆ ಶುರುವಾಗಿ ತಿಂಗಳ ಮೇಲಾಗಿತ್ತು. ಹೊಲದ ಎರೆಮಣ್ಣು ಬಿರುಕು ಬಿಟ್ಟಿತ್ತು. ಆಕಾಶದಲ್ಲಿ ಅಂಗೈಯಷ್ಟು ಮೋಡ ಇರಲಿಲ್ಲ.

ಹುಬ್ಬಳ್ಳಿಗೆ ಈ ಸಲ ಇಬ್ಬರೂ ಹೋದೆವು, ಕಣ್ಣಿನ ಆಸ್ಪತ್ರೆಗೆ. ಡಾಕ್ಟರ್ ತುಂಬ ಹೊತ್ತು ನೋಡಿದರು. ಕಣ್ಣಿನ ನರ ಸೊರಗಿದೆ ಎಂದರು, ಬದಿಯ ನೋಟ ಹೋಗಿದೆ, ನಡುವಿನದು ಉಳಿದಿದೆ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

"ಹೋಗಿದ್ದು ತಿರುಗಿ ಬರೂದಿಲ್ರಿ ಅಮ್ಮಾರ. ಇದ್ದದ್ದು ಉಳಿಸ್ಕೊಳ್ಳೂಣು. ದಿನಾ ಕಣ್ಣಿಗೆ ಹನಿ ಹಾಕೂದು ತಪ್ಪಸಬ್ಯಾಡ್ರಿ."

"ಬಲ್ಬ ಯಾವುದು ಹಾಕೂಣ್ರಿ ಡಾಕ್ಟರ್?" ಎಂದು ಕೇಳಿದೆ. ಅಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬಂದ ಪ್ರಶ್ನೆ ಅದು.

ಹೊರಗೆ ಬಂದು ಬೇವಿನ ಗಿಡದ ನೆರಳಿಗೆ ನಿಂತೆವು. ನೀಲಾ ನನ್ನ ತೋಳು ಹಿಡಿದುಕೊಂಡಳು. ಅವಳು ಆಸರೆಗೆ ಹಿಡಿದಳೋ ನನಗೆ ಆಸರೆ ಕೊಟ್ಟಳೋ ತಿಳಿಯಲಿಲ್ಲ.

"ಆ ಗೋದಾಮಿನ ಬಲ್ಬ ತಗೀರಿ ಇನ್ನ," ಅಂದಳು. "ನಿಮ್ಮ ಕಣ್ಣರೆ ಉಳೀಲಿ. ಹೋಗೂಣು ನಡೀರಿ, ಕಣ್ಣಿಗೆ ಹಿತ ಆಗೂವಂಥಾವು ತರೂಣು."

ಅಂಗಡಿಯವ ನನ್ನನ್ನು ಕಂಡು ಎದ್ದು ನಿಂತ. ಬೇರೆ ಬೇರೆ ಬಲ್ಬು ಹಚ್ಚಿ ತೋರಿಸಿದ. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಒಂದನ್ನು ನೀಲಾ ಆಯ್ದುಕೊಂಡಳು. ಉರಿಯುತ್ತಿದ್ದ ಅದನ್ನು ನೇರ ಎದುರಿಗೆ ನಿಂತು ತುಸು ಹೊತ್ತು ನೋಡಿ, ನನ್ನ ಕಡೆ ತಿರುಗಿದಳು.

"ನನಗ ಬಣ್ಣ ಎಲ್ಲಾ ಮಾಸಿದಂಗ ಕಾಣಸ್ತಾವು. ನೀವ ಹೇಳ್ರಿ, ಇದು ಹೆಂಗ ಐತಿ?"

"ಹಳದಿ."

"ಹಳದಿ ಅಂದ್ರ? ಅರಿಷಿಣದ್ದೋ, ಸೇವಂತಗಿದ್ದೋ?"

ನಾನು ಬಲ್ಬನ್ನು ನೋಡಿದೆ. ಎಷ್ಟು ನೋಡಿದರೂ ಅದು ಹಳದಿಯೇ ಆಗಿತ್ತು. ಸೇವಂತಿಗೆಯ ಹಳದಿ ಬೇರೆ ಇರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ಅಂಗಡಿಯವ ಕಾಯುತ್ತಿದ್ದ, ನೀಲಾಳೂ ಕಾಯುತ್ತಿದ್ದಳು.

"ಮಜ್ಜಿಗಿ ಸಾರಿಂದು," ಅಂದೆ ಕೊನೆಗೆ.

ನೀಲಾ ಮತ್ತೊಮ್ಮೆ ಆ ಬೆಳಕಿಗೆ ಮುಖ ಒಡ್ಡಿದಳು.

"ಹಂಗಾದ್ರ ಚಂದ ಇರ್ಬೇಕು ಬಿಡ್ರಿ," ಅಂದಳು. "ಕೊಡಪಾ, ಮೂರೂ ಇಂಥಾವ ಕೊಡು."

ಆ ಬಲ್ಬುಗಳೇ ಈಗ ನಮ್ಮ ಮೇಜಿನ ಮೇಲೆ ಉರಿಯುತ್ತಿವೆ. ಬಂದವರೆಲ್ಲ ಚಂದ ಇವೆ ಎನ್ನುತ್ತಾರೆ. ನೀಲಾ ಕೇಳಿದಾಗ ನಾನೂ ಹೌದು ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಚಂದ ಇವೆಯೋ ಇಲ್ಲವೋ ನನಗಿನ್ನೂ ಗೊತ್ತಾಗಿಲ್ಲ.